ಮೊಟ್ಟೆಯ ಲೆಕ್ಕ

ಮೇವಿನಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ
ಮೊಟ್ಟೆಗೊಂದು ಗೀಟು ಎಳೆಯುತ್ತೇನೆ.
ಮೂರು ವರ್ಷದ ಹಿಂದಿನ ಜೂನ್ ತಿಂಗಳು
ಒತ್ತಾಗಿ ಬೇಲಿ ಹಾಕಿದ ಹಾಗಿತ್ತು.
ಈ ಸಲದ ಸೆಪ್ಟೆಂಬರಿಗೆ ಒಂಬತ್ತೇ ಗೀಟು,
ಅದರಲ್ಲೊಂದು ತೊಗಲುಮೊಟ್ಟೆ,
ಹಿಡಿದರೆ ನೀರು ತುಂಬಿದ ಬಲೂನು.
ಮೇವಿನ ಮೂಟೆಗೆ ಇಪ್ಪತ್ತಾರು ಡಾಲರು.
ಭಾಗಿಸಿ ನೋಡಿದೆ. ಮತ್ತೆ ನೋಡಲಿಲ್ಲ.

ಮೂರು ಕೋಳಿ. ಮೂರಕ್ಕೂ ಓರಿನ್ ಇಟ್ಟದ್ದು
ತಾನು ದುಡಿದ ದೋಣಿಗಳ ಹೆಸರು:
ಕ್ಲಾರಾ ಬೆಲ್, ಗ್ರೇ ಡಾನ್, ಮಿಸ್ ಅಡಿಲೇಡ್.
ಕಡಲಿನ ಕಾಡ್ ಮೀನು ಮುಗಿದ ಮೇಲೆ
ಒಂದನ್ನು ಹರಾಜು ಹಾಕಿದರು,
ಒಂದು ಬಂಡೆಗೆ ಬಡಿದು ಒಡೆಯಿತು,
ಮಿಸ್ ಅಡಿಲೇಡ್ ಈಗಲೂ ಲೂನೆನ್‌ಬರ್ಗಿನ ದಾರಿಯ ತಿರುವಿನಲ್ಲಿ
ಹುಲ್ಲಿನ ಮೇಲೆ ಕೂತಿದೆ, ಹೊಟ್ಟೆ ತುಂಬ ಜೆರೇನಿಯಂ ಹೂ.
ಹಳೆಯದನ್ನು ಏನು ಮಾಡಬೇಕೆಂದು ಕೇಳಿದರೆ
ಈ ಊರು ಯಾವತ್ತೂ ಒಂದೇ ಉತ್ತರ ಕೊಟ್ಟಿದ್ದಿಲ್ಲ.

ಪಕ್ಕದ ಮನೆಯ ಡೆಲ್ಬರ್ಟ್ ಬೇಲಿಗೆ ಮೊಣಕೈ ಊರಿ
"ಕೂಳಿಗೆ ದಂಡ, ಭೂಮಿಗೆ ಭಾರ" ಎಂದ.
ಎಂದವನಿಗೆ ಎಂಬತ್ತೊಂದು.
ಇಬ್ಬರಿಗೂ ನಗು ಬಂತು, ಸ್ವಲ್ಪ ತಡವಾಗಿ.
ಮಗಳು ಫೋನಿನಲ್ಲಿ: ಟ್ರೂರೋ ಹತ್ತಿರ ಯಾರೋ
ಮುದಿಕೋಳಿಗಳನ್ನು ಸಾಕುತ್ತಾರಂತಮ್ಮ,
ಪಟ್ಟಿಯಲ್ಲಿ ಹೆಸರು ಬರೆಸಬೇಕು.
ನಮ್ಮಿಬ್ಬರದೂ ಬರೆಸಿಬಿಡು, ಅಂದೆ.

ಮೂವತ್ತು ವರ್ಷ ಈ ಕೆಲಸ ಓರಿನ್‌ನದು.
ನನ್ನದು ಕುದಿನೀರು, ಪುಕ್ಕ ಕೀಳುವುದು, ಅಷ್ಟೇ.
ಒಂದೇ ಏಟು, ಕೋಳಿಗೂ ಗೊತ್ತಾಗುವುದಿಲ್ಲ ಅನ್ನುತ್ತಿದ್ದ,
ಕೋಳಿಯನ್ನು ಕೇಳಿದವರ್ಯಾರು.
ಈಗ ಅವನ ಬಲಗೈಯ ಚಮಚ
ತಟ್ಟೆಗೆ ಬಡಿದು ಗಂಟೆ ಬಾರಿಸುತ್ತದೆ.
ಸಂಜೆ ಹಿಂಬಾಗಿಲ ಮೆಟ್ಟಿಲ ಮೇಲೆ
ಮಿಸ್ ಅಡಿಲೇಡನ್ನು ತೊಡೆಯ ಮೇಲಿಟ್ಟು ಕೂರುತ್ತಾನೆ.
ಕೈ ನಡುಗುತ್ತದೆ. ನಡುಗುವ ಕೈಯಡಿ ಅದು
ಕೆಳಗಿನ ರೆಪ್ಪೆ ಮೇಲಕ್ಕೆಳೆದುಕೊಂಡು ನಿದ್ದೆ ಹೋಗುತ್ತದೆ,
ಎಂಜಿನ್ನಿನ ಗುರುಗುರುವಿಗೆ
ಬಲೆಯ ರಾಶಿಯ ಮೇಲೇ ಮಲಗಿಬಿಡುವ
ಹೊಸ ಹುಡುಗನ ಹಾಗೆ.

ಅಕ್ಟೋಬರಿನ ಎರಡನೇ ಶನಿವಾರ
ಡೆಲ್ಬರ್ಟ್ ಅವನನ್ನು ಕ್ಷೌರಕ್ಕೆ ಕರೆದೊಯ್ದ ಹೊತ್ತಿಗೆ
ಬ್ಲೀಚಿನ ಡಬ್ಬಿಯ ತಳ ಕತ್ತರಿಸಿ
ಬೇಲಿಗಂಬಕ್ಕೆ ತಲೆಕೆಳಗಾಗಿ ಮೊಳೆ ಹೊಡೆದೆ.
ಮೊದಲು ಕ್ಲಾರಾ ಬೆಲ್. ಚಾಕು ಮಸೆದದ್ದು ಸಾಲಲಿಲ್ಲ.
ಆ ಮಾತು ಬೇಡ.
ಗ್ರೇ ಡಾನ್ ಹೊತ್ತಿಗೆ ಕಲಿತಿದ್ದೆ.
ಅದರ ಹೊಟ್ಟೆಯೊಳಗೆ
ಸಾಸಿವೆ ಕಾಳಿನಿಂದ ಗೋಲಿಯ ಗಾತ್ರದವರೆಗೆ
ಹಳದಿ ಹಳದಿ ತತ್ತಿಗಳು
ಸರದಿಯಲ್ಲಿ ನಿಂತಿದ್ದವು.
ಕ್ಯಾಲೆಂಡರಿಗೆ ಗೊತ್ತಿರಲಿಲ್ಲ.

ಸಾರು ಆರು ಗಂಟೆ ಬೆಂದಿತು. ಬಾರ್ಲಿ, ಟರ್ನಿಪ್, ಉಪ್ಪು.
ಓರಿನ್ ಎರಡು ಬಟ್ಟಲು ಕುಡಿದ. ಏನೂ ಕೇಳಲಿಲ್ಲ.
ಎದ್ದು ಹಿತ್ತಲಿಗೆ ಹೋಗಿ ಎಣಿಸಿ ಬಂದ,
ಒಂದನ್ನು ಎಣಿಸಲು ಅಷ್ಟು ಹೊತ್ತು.
"ಗಟ್ಟಿ ಮುದುಕಿಯರು" ಅಂದ, ಹಲ್ಲಿನಿಂದ ಎಳೆ ಬಿಡಿಸುತ್ತಾ.
"ಅಡಿಲೇಡ್?"
"ಮೊದಲ ಹಿಮ ಬೀಳಲಿ" ಅಂದೆ.
ಆ ವಾರ, ಎಷ್ಟೋ ವರ್ಷದ ಮೇಲೆ,
ಅಂಗಡಿಯಿಂದ ಒಂದು ಡಜನ್ ತಂದೆ.

ಹಿಮ ನವೆಂಬರ್ ಹದಿನಾಲ್ಕಕ್ಕೆ ಬಿತ್ತು.
ನಾನು ಏಳುವಷ್ಟರಲ್ಲಿ ಗೂಡಿನವರೆಗೆ ಹೆಜ್ಜೆಗಳಿದ್ದವು,
ಹೋದವು, ಬಂದವು,
ಬಲಗಾಲು ಎಳೆದ ಗೀರಿನ ಸಮೇತ.
ಒಣಹುಲ್ಲಿನ ಮೇಲೆ ಒಂದು ಮೊಟ್ಟೆ.
ಅಡಿಲೇಡ್ ಜನ್ಮದಲ್ಲಿ ಇಟ್ಟದ್ದೆಲ್ಲ ಕಂದು ಬಣ್ಣದ್ದು.
ಇದು ಬಿಳಿ. ಫ್ರಿಜ್ಜಿನಷ್ಟು ತಣ್ಣಗೆ.
ಅಟ್ಟೆಯ ಮೇಲೆ ಕೂತ ಕೋಳಿ
ತನಗೇನೂ ಗೊತ್ತಿಲ್ಲವೆಂಬಂತೆ ಕತ್ತು ಓರೆ ಮಾಡಿತು.

ಒಳಗೆ ತಂದು ಡಬ್ಬಿಯ ಖಾಲಿ ಗುಳಿಯಲ್ಲಿಟ್ಟೆ.
ಹನ್ನೆರಡಾಯಿತು.
ಓರಿನ್ ಪೇಪರಿನ ಹಿಂದಿದ್ದ. ಪೇಪರು ನಡುಗುತ್ತಿತ್ತು.
"ಇಟ್ಟಿತೇ?"
"ಇಟ್ಟಿದೆ."
ಪೆನ್ಸಿಲ್ಲಿನ ಮೊನೆ ಮುರಿದಿತ್ತು. ಹೆರೆದು
ಹದಿನಾಲ್ಕರ ಚೌಕದಲ್ಲಿ
ಒಂದು ಗೀಟೆಳೆದೆ.